ಬಲದ ಆಸನದಿಂದ ಎಡದ ಆಸನಕ್ಕೆ

ಸಣ್ಣ ಊರುಗಳಿಗೆ ಹಾರುವ ಪ್ರಾದೇಶಿಕ ವಿಮಾನಸಂಸ್ಥೆಗಳಲ್ಲಿ ಪೈಲಟ್‌ಗೆ ಕ್ಯಾಪ್ಟನ್ ಪದವಿ ಬೇಗ ದೊರೆಯುತ್ತದೆ. ಪದವಿ ಕೊಟ್ಟ ಸಂಸ್ಥೆಯೇ ಬಹುಕಾಲ ಬಾಳುವುದೆಂಬ ಭರವಸೆ ಮಾತ್ರ ಇಲ್ಲ. ದೇಶವು ಕ್ಯಾಪ್ಟನ್‌ಗಳಿಗಾಗಿ ಹಂಬಲಿಸುತ್ತಿರುವ ಈ ಹೊತ್ತಿನಲ್ಲಿ, ಅವರನ್ನು ಸಿದ್ಧಗೊಳಿಸುವ ಕಮ್ಮಟಗಳನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ?

ಆಷಾಢದ ಬೆಳಗಿನಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಮೇಲೆ ಮುಗಿಲು ಬಹಳ ತಗ್ಗಿ ನಿಂತಿರುವಾಗ, ಬೆಂಗಳೂರಿನಿಂದ ಹೊರಟ ಎಟಿಆರ್ ವಿಮಾನವು ಮೊದಲು ಕಿವಿಗೆ ಕೇಳಿಸಿ, ಕೆಳಗೆ ಕಾಯುವವರ ಕತ್ತು ನೋಯತೊಡಗಿದ ಮೇಲೆ ಕಣ್ಣಿಗೆ ಬೀಳುತ್ತದೆ. ಒಳಗೆ, ಮುಂಗಾಜಿನ ಮೇಲೆ ವೈಪರುಗಳು ಒಂದೇ ಸಮನೆ ಆಡುತ್ತಿರುತ್ತವೆ. ಬಲಗಡೆ ಕುಳಿತವನು ಎತ್ತರವನ್ನೂ ವೇಗವನ್ನೂ ಗಟ್ಟಿಯಾಗಿ ಓದಿ ಹೇಳುತ್ತಿರುತ್ತಾನೆ. ಎಡಗಡೆ ಕುಳಿತವಳು, ನಿಯತವಾದ ಎತ್ತರಕ್ಕೆ ಇಳಿಯುವುದರೊಳಗೆ ರನ್‌ವೇಯ ದೀಪಗಳು ಕಾಣಿಸದಿದ್ದರೆ ಮತ್ತೆ ಮೇಲೇರಿ ಬಿಡುವ ನಿಶ್ಚಯವನ್ನು ಮೊದಲೇ ಮಾಡಿಟ್ಟುಕೊಂಡು, ಕೈಯನ್ನು ಪವರ್ ಲೀವರ್ ಮೇಲಿರಿಸಿಕೊಂಡಿರುತ್ತಾಳೆ.

ದೀಪಗಳು ಕಾಣುತ್ತವೆ, ಚಕ್ರಗಳು ನೀರನ್ನು ಸೀಳಿಕೊಂಡು ಓಡುತ್ತವೆ. ಅರ್ಧ ಗಂಟೆಯೊಳಗೆ ಅದೇ ವಿಮಾನ, ಅದೇ ಇಬ್ಬರೊಡನೆ, ಮತ್ತೆ ಅದೇ ಮುಗಿಲಿನೊಳಕ್ಕೆ ಏರಬೇಕು. ಸಂಜೆಯೊಳಗೆ ಇನ್ನೂ ಎರಡೋ ಮೂರೋ ಊರುಗಳ ನೆಲ ಮುಟ್ಟಿ ಬರಬೇಕು.

ಎಡಗಡೆಯವಳ ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿಗಳುಂಟು, ಬಲಗಡೆಯವನಿಗೆ ಅದಕ್ಕಿಂತ ಕಡಮೆ. ಎರಡು ಆಸನಗಳ ನಡುವಣ ದೂರ ಎರಡು ಮೊಳವನ್ನು ಮೀರದು. ಆ ಎರಡು ಮೊಳವನ್ನು ದಾಟಲು ಒಬ್ಬ ಪೈಲಟ್‌ಗೆ ಎಷ್ಟು ವರ್ಷ ಹಿಡಿಯುತ್ತದೆ, ಆ ವರ್ಷಗಳಲ್ಲಿ ಆತನ ಕೈಗೆ ಏನು ಹತ್ತುತ್ತದೆ, ದಾಟಿದ ಮೇಲೆ ಆತ ಅಲ್ಲಿಯೇ ನಿಲ್ಲುತ್ತಾನೆಯೋ ಹೊರಟುಹೋಗುತ್ತಾನೆಯೋ ಎಂಬ ಪ್ರಶ್ನೆಗಳು ವಿಮಾನಯಾನದ ಒಳಮನೆಯ ಲೆಕ್ಕಾಚಾರಗಳೆಂದು ನಾವು ಇಷ್ಟು ದಿನ ಭಾವಿಸಿದ್ದೆವು. ಹುಬ್ಬಳ್ಳಿ, ಕಲಬುರಗಿ, ಬೀದರ್, ಬೆಳಗಾವಿಗಳ ಜನರಿಗೆ ನಾಳೆ ವಿಮಾನ ಉಂಟೋ ಇಲ್ಲವೋ ಎಂಬುದು ಇವುಗಳ ಉತ್ತರವನ್ನೇ ಅವಲಂಬಿಸಿದೆ.

ಕೊರತೆ ಯಾರದು?

2025ರ ಡಿಸೆಂಬರ್ ತಿಂಗಳ ಮೊದಲ ವಾರವನ್ನು ವಿಮಾನ ಪ್ರಯಾಣಿಕರು ಬೇಗ ಮರೆಯಲಾರರು. ಇಂಡಿಗೊ ಸಂಸ್ಥೆಯು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಮಾಡಬೇಕಾಗಿ ಬಂದು, ಮದುವೆಗೆ ಹೊರಟವರೂ ಆಸ್ಪತ್ರೆಗೆ ಹೊರಟವರೂ ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ಪಾಳಿಯ ಇಳಿತಗಳನ್ನು ಆರರಿಂದ ಎರಡಕ್ಕೆ ತಗ್ಗಿಸಿದ ಹೊಸ ನಿಯಮಗಳು ಆ ನವೆಂಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದ್ದವು. ನಿಯಮ ನ್ಯಾಯವಾದದ್ದೇ, ಅದನ್ನು ಪಾಲಿಸುವುದಕ್ಕೆ ಬೇಕಾದ ಜನ ಮಾತ್ರ ಸಿದ್ಧವಾಗಿರಲಿಲ್ಲ.

ಪೈಲಟ್‌ಗಳ ಕೊರತೆ ಎಂಬ ಮಾತು ಆಗ ಎಲ್ಲರ ಬಾಯಿಗೆ ಬಂದಿತು. ಆದರೆ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಎಂದರೆ ಡಿಜಿಸಿಎ, 2023ರ ಒಂದೇ ವರ್ಷದಲ್ಲಿ 1,622 ವಾಣಿಜ್ಯ ಪೈಲಟ್ ಲೈಸೆನ್ಸುಗಳನ್ನು ಕೊಟ್ಟಿತ್ತು. ಅದು ಅದುವರೆಗಿನ ದಾಖಲೆ. ಲೈಸೆನ್ಸು ಕೈಯಲ್ಲಿ ಹಿಡಿದು ಕೆಲಸಕ್ಕಾಗಿ ಬಾಗಿಲು ಬಾಗಿಲು ತಟ್ಟುವ ಯುವಕ ಯುವತಿಯರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಹೀಗಿರಲು ಕೊರತೆ ಎಲ್ಲಿಯದು?

ಕೊರತೆ ಎಡದ ಆಸನದ್ದು. 2023ರ ಫೆಬ್ರವರಿಯಲ್ಲಿ 470 ವಿಮಾನಗಳಿಗೆ ಏರ್ ಇಂಡಿಯಾವೂ, ಅದೇ ವರ್ಷದ ಜೂನ್‌ನಲ್ಲಿ 500 ವಿಮಾನಗಳಿಗೆ ಇಂಡಿಗೊವೂ ಬೇಡಿಕೆ ಸಲ್ಲಿಸಿದವು. ಹಣವಿದ್ದರೆ ವಿಮಾನವನ್ನು ಕಾರ್ಖಾನೆಯಿಂದ ತರಬಹುದು, ಹೊಸ ಲೈಸೆನ್ಸಿನವರನ್ನು ಶಾಲೆಯಿಂದ ತರಬಹುದು. ಮಳೆಗಾಲದಲ್ಲಿ ಇಳಿಯುವುದೋ ಬೇಡವೋ ಎಂದು ತೀರ್ಮಾನಿಸಬಲ್ಲ ಕ್ಯಾಪ್ಟನ್ನನ್ನು ವರ್ಷಗಳಷ್ಟೇ ಕೊಡಬಲ್ಲವು.

ಸಾವಿರದ ಐನೂರು ಗಂಟೆ

ಜಕ್ಕೂರಿನ ಸರ್ಕಾರಿ ಶಾಲೆಯಲ್ಲಾಗಲಿ, 2021ರ ತರುವಾಯ ಹೊಸ ತರಬೇತಿ ಸಂಸ್ಥೆಗಳಿಗೆ ತೆರವಾದ ಬೆಳಗಾವಿ, ಕಲಬುರಗಿಯ ನೆಲದಲ್ಲಾಗಲಿ ಹಾರಲು ಕಲಿಯುವವನು, 200 ಗಂಟೆಗಳ ಹಾರಾಟವನ್ನೂ ಸಂಚರಣ, ಹವಾಮಾನ, ವಾಯುನಿಯಮಗಳ ಪರೀಕ್ಷೆಗಳನ್ನೂ ಮುಗಿಸಿದಾಗ ವಾಣಿಜ್ಯ ಲೈಸೆನ್ಸಿಗೆ ಅರ್ಹನಾಗುತ್ತಾನೆ. ಆಮೇಲೆ ಒಂದು ನಿರ್ದಿಷ್ಟ ಮಾದರಿಯ ವಿಮಾನವನ್ನು ನಡೆಸಲು ಟೈಪ್ ರೇಟಿಂಗ್ ಪಡೆಯಬೇಕು. ಇವೆರಡಕ್ಕೆ ಒಟ್ಟಿನಲ್ಲಿ ತಗಲುವ ವೆಚ್ಚ ಐವತ್ತು ಲಕ್ಷವನ್ನು ಎಷ್ಟೋ ಮೀರಿ ಕೋಟಿಯ ಹತ್ತಿರಕ್ಕೂ ಹೋಗುವುದುಂಟಾದ್ದರಿಂದ, ಹೊಲ ಒತ್ತೆಯಿಟ್ಟು ಮಗಳನ್ನೋ ಮಗನನ್ನೋ ಈ ದಾರಿಗೆ ಹಚ್ಚಿದ ಮನೆಗಳಲ್ಲಿ ಮೊದಲ ಸಂಬಳಕ್ಕಾಗಿ ಕಾಯುವುದು ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೂ ಇದು ಬಲದ ಆಸನಕ್ಕೆ ಮಾತ್ರ ದೊರೆಯುವ ಪ್ರವೇಶ. ಕಮಾಂಡ್‌ಗೆ, ಎಂದರೆ ವಿಮಾನದ ಪೂರ್ಣ ಹೊಣೆಗೆ, ಎಟಿಪಿಎಲ್ ಎಂಬ ಉನ್ನತ ಲೈಸೆನ್ಸು ಬೇಕು. ಅದಕ್ಕೆ 1,500 ಗಂಟೆಗಳ ಹಾರಾಟ ಕನಿಷ್ಠ ಮಿತಿ. ನಿಯಮದ ಪ್ರಕಾರ ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ತಿಂಗಳಿಗೆ ಅರುವತ್ತು ಎಪ್ಪತ್ತು ಗಂಟೆಗಳಂತೆ ಹಿಡಿದರೂ ಉಳಿದ 1,300 ಗಂಟೆಗಳನ್ನು ಕೂಡಿಸಲು ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ದೊಡ್ಡ ಸಂಸ್ಥೆಗಳು ಕಾನೂನಿನ ಈ ಕನಿಷ್ಠ ಮಿತಿಯಲ್ಲಿ ಯಾರನ್ನೂ ಎಡಕ್ಕೆ ಕೂರಿಸವು. ತಮ್ಮದೇ ಇನ್ನೂ ಹೆಚ್ಚಿನ ಗಂಟೆಗಳ ಮಿತಿಯನ್ನೂ ಸೀನಿಯಾರಿಟಿಯ ಉದ್ದನೆಯ ಸಾಲನ್ನೂ ಇಟ್ಟುಕೊಂಡಿರುತ್ತವೆ.

ಪ್ರಾದೇಶಿಕ ಸಂಸ್ಥೆಯ ಸಾಲು ಗಿಡ್ಡ. ಅಲ್ಲಿ ಮೇಲಿನವರು ಬೇಗ ಹೊರಟುಹೋಗುವರಾದ್ದರಿಂದ ಕೆಳಗಿನವರು ಬೇಗ ಏರುತ್ತಾರೆ. ದೊಡ್ಡ ಸಂಸ್ಥೆಗೆ ನೇರವಾಗಿ ಸೇರಿದ ಸಹಪಾಠಿಯು ಇನ್ನೂ ಬಲದ ಆಸನದಲ್ಲಿ ಕುಳಿತು ಅಪ್‌ಗ್ರೇಡ್‌ನ ದಿನ ಎಣಿಸುತ್ತಿರುವಾಗ, ಎಟಿಆರ್ ಹಾರಿಸುವವನು ನಾಲ್ಕು ಪಟ್ಟಿಗಳನ್ನು ಧರಿಸಿಬಿಟ್ಟಿರುವುದು ಅಪರೂಪವಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಈ ಬೇಗತನಕ್ಕಿಂತ ಮಿಗಿಲಾದ ಲಾಭ ಇನ್ನೊಂದುಂಟು.

ಭಾರತದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಪೈಲಟ್‌ನ ದಿನಚರಿ ಪುಸ್ತಕದಲ್ಲಿ ಹದಿನಾರು ಗಂಟೆಗಳಿಗೆ ಒಂದು ಏರಿಕೆ, ಒಂದು ಇಳಿಕೆ. ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗಗಳ ನಡುವೆ ಹಾರುವವನ ಪುಸ್ತಕದಲ್ಲಿ ಹೆಚ್ಚುಕಡಮೆ ಗಂಟೆಗೊಂದು ಏರಿಕೆ, ಗಂಟೆಗೊಂದು ಇಳಿಕೆ. ಸಂಗೀತ ಕಲಿಯುವ ಮಗು ಕೃತಿಗೆ ಕೈಹಾಕುವ ಮೊದಲು ಸರಳೆ ಜಂಟಿಗಳನ್ನು ಸಾವಿರ ಸಲ ಹಾಡಿ ಗಂಟಲು ಹದಗೊಳಿಸಿಕೊಳ್ಳುವಂತೆ, ಈತನ ಕೈ ಅಡ್ಡಗಾಳಿಗೂ ಒದ್ದೆ ರನ್‌ವೇಗೂ ಘಟ್ಟದ ಅಂಚಿನ ಮೋಡಕ್ಕೂ ಹದಗೊಳ್ಳುತ್ತದೆ. ವಿಮಾನಯಾನದಲ್ಲಿ ತೀರ್ಮಾನಗಳ ದಟ್ಟಣೆಯೆಲ್ಲ ನೆಲಕ್ಕೆ ಹತ್ತಿರವಾದ ಆ ಕೆಲವೇ ನಿಮಿಷಗಳಲ್ಲಿರುವುದರಿಂದ, ಸಾವಿರ ಗಂಟೆಗಳ ಪ್ರಾದೇಶಿಕ ಹಾರಾಟವನ್ನು ಸಾವಿರ ಗಂಟೆಗಳ ದೂರಯಾನದೊಡನೆ ಒಂದೇ ಅಳತೆಯಲ್ಲಿ ಅಳೆಯುವುದು ಸರಿಯಲ್ಲ.

ಚೌಕಟ್ಟು: ಸಿಲ್ಚರ್‌ಗೆ ಹೊರಟ ಫೋಕರ್

1985ರ ನವೆಂಬರ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಒಂದು ಫೋಕರ್ ಫ್ರೆಂಡ್‌ಶಿಪ್ ವಿಮಾನವನ್ನು ಕೋಲ್ಕತ್ತದಿಂದ ಅಸ್ಸಾಮಿನ ಸಿಲ್ಚರ್‌ಗೆ ಕ್ಯಾಪ್ಟನ್ ಸೌದಾಮಿನಿ ದೇಶಮುಖ್ ಮತ್ತು ಸಹಪೈಲಟ್ ನಿವೇದಿತಾ ಭಸೀನ್ ನಡೆಸಿದರು. ಮಹಿಳೆಯರೇ ನಡೆಸಿದ ದೇಶದ ಮೊದಲ ಹಾರಾಟವೆಂದು ಅದು ಪ್ರಸಿದ್ಧ. ಅದು ಸಂಭವಿಸಿದ್ದು ಪುಟ್ಟ ಪ್ರೊಪೆಲರ್ ವಿಮಾನದಲ್ಲಿ, ಪ್ರಾದೇಶಿಕ ಮಾರ್ಗದಲ್ಲಿ. ನಾಲ್ಕು ವರ್ಷಗಳ ತರುವಾಯ, 26ನೆಯ ವಯಸ್ಸಿನಲ್ಲಿ, ಭಸೀನ್ ಜೆಟ್ ವಿಮಾನದ ಕ್ಯಾಪ್ಟನ್ ಆದರು. ಇಂದು ಭಾರತದ ಪೈಲಟ್‌ಗಳಲ್ಲಿ ಶೇಕಡ 15ರಷ್ಟು ಮಂದಿ ಮಹಿಳೆಯರು. ಜಗತ್ತಿನ ಸರಾಸರಿ ಶೇಕಡ 5ರ ಆಸುಪಾಸಿನಲ್ಲಿದೆ.

ಸಂಸ್ಥೆ ಮುಳುಗಿದಾಗ

ಇನ್ನೊಂದು ಮುಖವನ್ನೂ ನೋಡಬೇಕು. 2003ರ ಆಗಸ್ಟ್‌ನಲ್ಲಿ, ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್, ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಟಿಆರ್ ವಿಮಾನವನ್ನು ಹಾರಿಸಿದಾಗ, ಸಾಮಾನ್ಯ ಮನುಷ್ಯನೂ ವಿಮಾನವೇರಬಹುದೆಂಬ ಭಾವನೆಯೊಂದಿಗೆ, ಸಾಮಾನ್ಯ ಮನೆಯ ಮಕ್ಕಳೂ ವಿಮಾನ ನಡೆಸಬಹುದೆಂಬ ಆಸೆಯೂ ಈ ನಾಡಿನಲ್ಲಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನಿಂತೇಹೋಯಿತು. 2015ರ ಏಪ್ರಿಲ್‌ನಲ್ಲಿ ಬೆಂಗಳೂರಿನದೇ ಆದ ಏರ್ ಪೆಗಾಸಸ್ ಮತ್ತೆ ಹುಬ್ಬಳ್ಳಿಗೇ ಮೊದಲ ಹಾರಾಟ ನಡೆಸಿತು. ಮರುವರ್ಷದ ಜುಲೈ ತಿಂಗಳಿಗೆ ಅದೂ ನಿಂತಿತು. 2020ರ ಫೆಬ್ರವರಿಯಲ್ಲಿ ಬೀದರ್‌ಗೆ ಮೊದಲ ವಿಮಾನ ತಂದದ್ದು ಟ್ರೂಜೆಟ್; ಎರಡು ವರ್ಷಗಳ ಬಳಿಕ ಆ ಸಂಸ್ಥೆಯ ಹಾರಾಟವೂ ಸ್ಥಗಿತಗೊಂಡು, ಬೀದರ್‌ನ ಜನ ಮತ್ತೆ ರೈಲು ಬಸ್ಸುಗಳ ಹಾದಿ ಹಿಡಿದರು.

ಸಂಸ್ಥೆ ಮುಳುಗಿದಾಗ ಪೈಲಟ್‌ನ ಬಳಿ ಉಳಿಯುವುದು ಆತ ಹಾರಿದ ಗಂಟೆಗಳ ಲಾಗ್‌ಬುಕ್ ಒಂದೇ. ಆತನ ಸೀನಿಯಾರಿಟಿ, ಆತ ಮೆಟ್ಟಿಲು ಮೆಟ್ಟಿಲಾಗಿ ಗಳಿಸಿದ ಸ್ಥಾನ, ತನ್ನ ಊರಿಗೆ ಹತ್ತಿರದ ಬೇಸ್, ಬಾಕಿ ಸಂಬಳ ಇವೆಲ್ಲವೂ ಸಂಸ್ಥೆಯೊಡನೆಯೇ ಹೋಗುತ್ತವೆ. ಎಟಿಆರ್‌ನ ಕ್ಯಾಪ್ಟನ್ ಏರ್‌ಬಸ್ ಹಾರಿಸುವ ಸಂಸ್ಥೆಗೆ ಹೋಗಿ ನಿಂತಾಗ ಮತ್ತೊಂದು ಟೈಪ್ ರೇಟಿಂಗ್ ಮಾಡಬೇಕು, ಅನೇಕ ಸಲ ಮತ್ತೆ ಬಲದ ಆಸನದಲ್ಲಿಯೇ ಕೂರಬೇಕು. ನಿನ್ನೆಯವರೆಗೆ ಎಪ್ಪತ್ತು ಪ್ರಾಣಗಳ ಹೊಣೆ ಹೊತ್ತವನು ಇಂದು ತನಗಿಂತ ಕಿರಿಯನ ಪಕ್ಕದಲ್ಲಿ ಚೆಕ್‌ಲಿಸ್ಟ್ ಓದುವುದು ಈ ವೃತ್ತಿಯಲ್ಲಿ ನಿತ್ಯ ಕಾಣುವ ಸಂಗತಿ. ಅದನ್ನು ಕಹಿಯಿಲ್ಲದೆ ಮಾಡುವವರನ್ನು ಕಂಡು ನನಗೆ ಗೌರವ ಹೆಚ್ಚಿದೆ.

ಚೌಕಟ್ಟು: ಹಾರಿ ನಿಂತವು

ವಾಯುದೂತ್: 1981ರಲ್ಲಿ ಸರ್ಕಾರವೇ ಸ್ಥಾಪಿಸಿದ ಪ್ರಾದೇಶಿಕ ಸಂಸ್ಥೆ, 1990ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನ.
ಪ್ಯಾರಾಮೌಂಟ್: ತಮಿಳುನಾಡಿನ ಸಂಸ್ಥೆ, ಎಂಬ್ರೇರ್ ಜೆಟ್‌ಗಳು, 2005ರಲ್ಲಿ ಆರಂಭ, 2010ರಲ್ಲಿ ಅಂತ್ಯ.
ಏರ್ ಕೋಸ್ಟಾ: ವಿಜಯವಾಡದ್ದು, 2013ರಿಂದ 2017.
ಟ್ರೂಜೆಟ್: ಹೈದರಾಬಾದಿನದು, 2015ರಿಂದ 2022.
ಹಿಂದಕ್ಕೆ ಹೋದರೆ, 1953ರ ರಾಷ್ಟ್ರೀಕರಣದಲ್ಲಿ ಹೈದರಾಬಾದಿನ ಡೆಕ್ಕನ್ ಏರ್‌ವೇಸ್, ಬಿಜು ಪಟ್ನಾಯಕರ ಕಳಿಂಗ ಏರ್‌ಲೈನ್ಸ್ ಮೊದಲಾದ ಎಂಟು ಸಂಸ್ಥೆಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ಆದವು.

ಈ ಮುಳುಗುವಿಕೆಗೆ ಕಾರಣ ಕೇವಲ ಮಾಲೀಕರ ದೋಷವೆಂದು ಹೇಳಿಬಿಡುವುದು ಸುಲಭ; ಸತ್ಯ ಅಷ್ಟು ಸರಳವಾಗಿಲ್ಲ. 2016ರ ಅಕ್ಟೋಬರ್‌ನಲ್ಲಿ ಘೋಷಿತವಾಗಿ, ಮರುವರ್ಷ ಏಪ್ರಿಲ್ 27ರಂದು ಶಿಮ್ಲಾ ದೆಹಲಿ ನಡುವಣ ಅಲಯನ್ಸ್ ಏರ್ ಹಾರಾಟದಿಂದ ಆರಂಭವಾದ ಉಡಾನ್ ಯೋಜನೆಯು, ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಯ ಮಿತಿಯನ್ನಿಟ್ಟು, ನಷ್ಟದ ಒಂದು ಭಾಗವನ್ನು ಮೂರು ವರ್ಷಗಳ ಕಾಲ ಸರ್ಕಾರ ತುಂಬಿಕೊಡುವ ಏರ್ಪಾಡು. ಮೂರು ವರ್ಷ ಮುಗಿದ ಮೇಲೆ ಮಾರ್ಗವು ತನ್ನ ಕಾಲ ಮೇಲೆ ನಿಲ್ಲಬೇಕು. ಮಹಾಲೇಖಪಾಲರು 2023ರಲ್ಲಿ ಮಂಡಿಸಿದ ವರದಿಯಂತೆ, ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ. ಮೂರು ವರ್ಷದ ಅವಧಿಯನ್ನು ಪೂರೈಸಿದ್ದು 112. ಅನಂತರವೂ ಉಳಿದುಕೊಂಡದ್ದು 54.

ಒಬ್ಬ ಸಹಪೈಲಟ್ ಬಲದ ಆಸನದಿಂದ ಎಡಕ್ಕೆ ಬರುವಷ್ಟು ಕಾಲವೂ ಬಹುಪಾಲು ಮಾರ್ಗಗಳು ಬಾಳಲಿಲ್ಲವೆಂಬುದನ್ನು ಈ ಅಂಕಿಗಳಲ್ಲಿ ಓದಿಕೊಳ್ಳಬಹುದು. ಮಾರ್ಗ ಸತ್ತರೆ ಗಂಟೆಗಳಿಲ್ಲ. ಗಂಟೆಗಳಿಲ್ಲದಿದ್ದರೆ ಕಮಾಂಡ್ ಇಲ್ಲ.

ಇಂಥ ಹಿನ್ನೆಲೆಯಲ್ಲಿ ಇನ್ನೂ ಹಾರುತ್ತಿರುವವರನ್ನು ನೆನೆಯದಿರುವುದು ಅನ್ಯಾಯ. 2019ರ ಜನವರಿಯಲ್ಲಿ ಬೆಂಗಳೂರು ಹುಬ್ಬಳ್ಳಿ ಮಾರ್ಗದಿಂದಲೇ ಆರಂಭಿಸಿದ ಸ್ಟಾರ್ ಏರ್, 50 ಆಸನಗಳ ಎಂಬ್ರೇರ್ 145ರಿಂದ 76 ಆಸನಗಳ ಎಂಬ್ರೇರ್ 175ಕ್ಕೆ ಬೆಳೆದಿದೆ. ಆ ವರ್ಷದ ನವೆಂಬರ್ 22ರಂದು ಕಲಬುರಗಿಯ ನಿಲ್ದಾಣ ಉದ್ಘಾಟನೆಗೊಂಡಾಗ ಬಂದಿಳಿದದ್ದು ಅದೇ ಸಂಸ್ಥೆಯ ವಿಮಾನ. ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಹೋದ ಮೇಲೂ ಸರ್ಕಾರದ ಬಳಿಯೇ ಉಳಿದ ಅಲಯನ್ಸ್ ಏರ್, ಎಟಿಆರ್‌ಗಳೊಂದಿಗೆ ಎಚ್‌ಎಎಲ್ ತಯಾರಿಸಿದ 17 ಆಸನಗಳ ಡಾರ್ನಿಯರನ್ನೂ 2022ರಿಂದ ಅರುಣಾಚಲದ ಪಾಸಿಘಾಟ್‌ನಂಥ ಊರುಗಳಿಗೆ ಹಾರಿಸುತ್ತಿದೆ. ಗೋವಾವನ್ನು ನೆಲೆಯಾಗಿಸಿಕೊಂಡ ಫ್ಲೈ91, 2024ರ ಮಾರ್ಚ್‌ನಲ್ಲಿ ಸೇರಿಕೊಂಡಿತು. ದೇಶದ ಅತಿದೊಡ್ಡ ಎಟಿಆರ್ ಪಡೆಯಿರುವುದು ಇಂಡಿಗೊದಲ್ಲಿ; ಅಲ್ಲಿಯ ಎಟಿಆರ್ ಪೈಲಟ್‌ಗೆ ಸಂಸ್ಥೆಯ ಒಳಗೇ ಏರ್‌ಬಸ್ಸಿಗೆ ದಾಟುವ ಬಾಗಿಲು ತೆರೆದಿರುವುದರಿಂದ, ಆತನ ಭವಿಷ್ಯ ಉಳಿದವರಷ್ಟು ಅಭದ್ರವಲ್ಲ.

ಅಮೆರಿಕದ ಅನುಭವ

ಪ್ರಾದೇಶಿಕ ಪೈಲಟ್‌ನ ಏಳುಬೀಳುಗಳನ್ನು ಪೂರ್ಣವಾಗಿ ನೋಡಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿ ಸ್ಕೈವೆಸ್ಟ್, ರಿಪಬ್ಲಿಕ್, ಎನ್ವಾಯ್ ಮೊದಲಾದ ಸಂಸ್ಥೆಗಳು ಡೆಲ್ಟಾ, ಯುನೈಟೆಡ್, ಅಮೆರಿಕನ್ ಎಂಬ ಮಹಾಸಂಸ್ಥೆಗಳ ಬಣ್ಣ ಬಳಿದುಕೊಂಡು, ಅವುಗಳ ಟಿಕೆಟ್ಟಿನ ಮೇಲೆ, ಅವುಗಳಿಗಾಗಿ ಹಾರುತ್ತವೆ. ಎಷ್ಟು ದೊಡ್ಡ ವಿಮಾನವನ್ನು ಹೀಗೆ ಹೊರಗುತ್ತಿಗೆಗೆ ಕೊಡಬಹುದೆಂಬುದಕ್ಕೆ ದೊಡ್ಡ ಸಂಸ್ಥೆಗಳ ಪೈಲಟ್ ಸಂಘಗಳು ತಮ್ಮ ಕರಾರಿನಲ್ಲಿಯೇ ಗೆರೆ ಎಳೆದಿವೆ. ಆ ಗೆರೆ ಸಾಮಾನ್ಯವಾಗಿ 76 ಆಸನ. ಹುಬ್ಬಳ್ಳಿಗೆ ಬರುವ ಎಂಬ್ರೇರ್ 175ರ ಬಳಗದ ವಿಮಾನಗಳೇ ಅಲ್ಲಿ ನೂರಾರು ಹಾರುತ್ತಿರುವುದು ಆ ಗೆರೆಯ ಫಲ.

2001ರ ಸೆಪ್ಟೆಂಬರ್ 11ರ ದಾಳಿ, ಅದರ ಬೆನ್ನಿಗೆ ಮಹಾಸಂಸ್ಥೆಗಳ ದಿವಾಳಿತನ, 2007ರ ಡಿಸೆಂಬರ್‌ನಲ್ಲಿ ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿದ್ದು, ಮರುವರ್ಷದ ಆರ್ಥಿಕ ಕುಸಿತ ಇವೆಲ್ಲ ಒಂದರ ಮೇಲೊಂದು ಬಂದು, ಮೇಲಿನವರು ಕದಲದೆ, ಒಂದು ತಲೆಮಾರಿನ ಸಹಪೈಲಟ್‌ಗಳು ಪ್ರಾದೇಶಿಕ ಸಂಸ್ಥೆಗಳ ಬಲದ ಆಸನದಲ್ಲಿಯೇ ದಶಕ ಕಳೆದರು. ಅವರ ಸಂಬಳವಾದರೋ ನಾಚಿಕೆಗೇಡಿನದಾಗಿತ್ತು.

ಅದು ಎಷ್ಟೆಂಬುದು ಲೋಕಕ್ಕೆ ತಿಳಿಯಲು ಒಂದು ದುರಂತ ಬೇಕಾಯಿತು. 2009ರ ಫೆಬ್ರವರಿ 12ರ ರಾತ್ರಿ, ನೆವಾರ್ಕ್‌ನಿಂದ ಬಫಲೊಗೆ ಹೊರಟ ಕೋಲ್ಗನ್ ಏರ್‌ನ ವಿಮಾನ ಮನೆಯೊಂದರ ಮೇಲೆ ಬಿದ್ದು, ಅದರಲ್ಲಿದ್ದ 49 ಮಂದಿಯೂ ನೆಲದ ಮೇಲಿದ್ದ ಒಬ್ಬರೂ ಮಡಿದರು. ಆ ವಿಮಾನದ ಸಹಪೈಲಟ್, ಕೆಲಸದ ಊರಿನಲ್ಲಿ ಮನೆ ಹಿಡಿಯಲಾರದೆ ಸಿಯಾಟಲ್ ಕಡೆಯಿಂದ ಇಡೀ ಖಂಡವನ್ನು ದಾಟಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದಳೆಂಬುದೂ, ಆಕೆಯ ವಾರ್ಷಿಕ ವೇತನ ಸುಮಾರು 16,000 ಡಾಲರ್ ಮಾತ್ರವೆಂಬುದೂ ವಿಚಾರಣೆಯಲ್ಲಿ ಹೊರಬಂದವು.

ಮಡಿದವರ ಮನೆಯವರು ಪಟ್ಟುಬಿಡದೆ ಹೋರಾಡಿದರು. 2010ರಲ್ಲಿ ಕಾನೂನು ಬಂದಿತು. 2013ರಿಂದ ಸಹಪೈಲಟ್‌ಗೂ 1,500 ಗಂಟೆಗಳ ಅನುಭವ ಕಡ್ಡಾಯವಾಯಿತು, ಅದುವರೆಗೆ 250 ಸಾಕಾಗುತ್ತಿತ್ತು. ಹೊಸಬರ ಹರಿವು ಕ್ಷೀಣಿಸಿತು; ಕೋವಿಡ್ ಕಾಲದಲ್ಲಿ ಹಿರಿಯರು ನಿವೃತ್ತರಾಗಿ ಹೋದದ್ದರಿಂದ ದೊಡ್ಡ ಸಂಸ್ಥೆಗಳು ಸಣ್ಣವುಗಳಿಂದ ಪೈಲಟ್‌ಗಳನ್ನು ಸೆಳೆದವು; ಕಡೆಗೆ 2022ರ ಜೂನ್‌ನಲ್ಲಿ ಎನ್ವಾಯ್, ಪೀಡ್‌ಮಾಂಟ್ ಸಂಸ್ಥೆಗಳು ಹೊಸ ಸಹಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡಲು ಒಪ್ಪಿದವು. ಸಂಬಳ ಏರಿತೆಂದ ಮಾತ್ರಕ್ಕೆ ಭದ್ರತೆ ಬಂದಿತೆನ್ನಲಾಗದು: ಅದಕ್ಕೆ ಎರಡು ವರ್ಷ ಮೊದಲಷ್ಟೇ, 2020ರಲ್ಲಿ, ಕಂಪಾಸ್, ಟ್ರಾನ್ಸ್ ಸ್ಟೇಟ್ಸ್, ಎಕ್ಸ್‌ಪ್ರೆಸ್‌ಜೆಟ್ ಸಂಸ್ಥೆಗಳ ಹಾರಾಟ ನಿಂತು, ಸಾವಿರಾರು ಮಂದಿಯ ಸೀನಿಯಾರಿಟಿ ಕ್ರಮಾಂಕಗಳು ಬೆಲೆಯಿಲ್ಲದವಾದವು.

ಆದರೂ ಅಲ್ಲಿಂದ ನಾವು ಕಲಿಯಬಹುದಾದ ಒಂದು ಏರ್ಪಾಡು ಉಂಟು; ಅದನ್ನು ಅಲ್ಲಿಯ ಪೈಲಟ್‌ಗಳು ಫ್ಲೋ ಎನ್ನುತ್ತಾರೆ. ಎನ್ವಾಯ್, ಪೀಡ್‌ಮಾಂಟ್, ಪಿಎಸ್‌ಎ ಎಂಬ ಮೂರು ಸಂಸ್ಥೆಗಳ ಪೈಲಟ್‌ಗಳು, ತಮ್ಮ ಸರದಿ ಬಂದಾಗ, ಹೊಸ ಸಂದರ್ಶನವಿಲ್ಲದೆ ಅಮೆರಿಕನ್ ಏರ್‌ಲೈನ್ಸ್‌ಗೆ ದಾಟಬಹುದು. ತಿಂಗಳಿಗೆ ಎಷ್ಟು ಮಂದಿ ಹೋಗುವರೆಂಬುದು ಎರಡೂ ಕಡೆಗೆ ಮುಂಚಿತವಾಗಿ ಗೊತ್ತಿರುವುದರಿಂದ, ಹೋಗುವವನು ಕಾಯುವ ಬೇಸರದಲ್ಲಿಯೂ ಧೈರ್ಯದಿಂದಿರುತ್ತಾನೆ. ಕಳಿಸಿಕೊಡುವ ಸಂಸ್ಥೆ ಆತನ ಜಾಗಕ್ಕೆ ಇನ್ನೊಬ್ಬನನ್ನು ತಯಾರಿಸಿಟ್ಟುಕೊಳ್ಳುತ್ತದೆ.

ನೋಟಿಸಿನ ವರ್ಷ

ನಮ್ಮಲ್ಲಿ ಇದಕ್ಕೆ ಪ್ರತಿಯಾಗಿ ಇರುವುದು ಹಿಡಿದಿಡುವ ನಿಯಮ. 2017ರಲ್ಲಿ ಡಿಜಿಸಿಎ ಹೊರಡಿಸಿದ ಆದೇಶದಂತೆ, ಕೆಲಸ ಬಿಡಬಯಸುವ ಕ್ಯಾಪ್ಟನ್ ಒಂದು ವರ್ಷದ ನೋಟಿಸನ್ನೂ ಸಹಪೈಲಟ್ ಆರು ತಿಂಗಳ ನೋಟಿಸನ್ನೂ ಕೊಡಬೇಕು. ಒಮ್ಮೆಲೇ ಹತ್ತಾರು ಮಂದಿ ಹೊರಟುಹೋದರೆ ಪ್ರಯಾಣಿಕರ ಗತಿಯೇನೆಂಬ ಕಾಳಜಿಯಿಂದ ಬಂದ ನಿಯಮವೆಂಬುದನ್ನು ಒಪ್ಪುತ್ತೇನೆ. ಆದರೆ ಸಂಸ್ಥೆಯು ಪೈಲಟ್‌ನನ್ನು ಒಂದು ವರ್ಷ ಹಿಡಿದಿಡಬಹುದಾದರೆ, ತಾನು ಮುಂದಿನ ತಿಂಗಳು ಹಾರಾಟ ನಿಲ್ಲಿಸುವೆನೆಂಬುದನ್ನು ಪೈಲಟ್‌ಗೆ ಒಂದು ವರ್ಷ ಮೊದಲು ತಿಳಿಸುವ ಕಟ್ಟುಪಾಡು ಅದಕ್ಕೆ ಏಕಿಲ್ಲ? ಮುಳುಗಿದ ಸಂಸ್ಥೆಗಳ ನೌಕರರಲ್ಲಿ ಎಷ್ಟು ಮಂದಿಗೆ ಮುನ್ಸೂಚನೆ ದೊರೆತಿತ್ತು?

ಪ್ರಾದೇಶಿಕ ಸಂಸ್ಥೆಯ ಮಾಲೀಕರ ಕಷ್ಟವೂ ನಿಜವಾದದ್ದು. ಅವರು ಒಬ್ಬ ಅನನುಭವಿಯನ್ನು ತೆಗೆದುಕೊಂಡು, ಸಿಮ್ಯುಲೇಟರಿಗೆ ಕಳಿಸಿ, ತರಬೇತುದಾರರ ಪಕ್ಕದಲ್ಲಿ ನೂರಾರು ಸಲ ಇಳಿಸಿ, ಆತ ಒಳ್ಳೆಯ ಕ್ಯಾಪ್ಟನ್ ಆಗಿ ಸಂಸ್ಥೆಗೆ ಉಪಯೋಗಕ್ಕೆ ಬರತೊಡಗಿದ ಸಮಯಕ್ಕೆ ಸರಿಯಾಗಿ, ದೊಡ್ಡ ಸಂಸ್ಥೆ ಹೆಚ್ಚಿನ ಸಂಬಳ ತೋರಿಸಿ ಕರೆದೊಯ್ಯುತ್ತದೆ. ದೇಶದ ವಿಮಾನಯಾನವೆಲ್ಲ ಬಳಸಿಕೊಳ್ಳುವ ಕೌಶಲವನ್ನು ಅತ್ಯಂತ ಕಡಮೆ ಬಂಡವಾಳವುಳ್ಳವರು ತಮ್ಮ ಖರ್ಚಿನಲ್ಲಿ ತಯಾರಿಸುತ್ತಿದ್ದಾರೆ. ಬಾಂಡ್ ಬರೆಸಿಕೊಳ್ಳುವುದೂ ನೋಟಿಸಿನ ಅವಧಿಯನ್ನು ಹಿಡಿದು ಜಗ್ಗುವುದೂ ಈ ನಷ್ಟದ ಮುಂದೆ ಅವರಿಗಿರುವ ದುರ್ಬಲ ಗುರಾಣಿಗಳು.

ಇಲ್ಲಿ ಬೇಕಾಗಿರುವುದು ಮೂರು ಪಕ್ಷಗಳ ನಡುವಣ ಒಪ್ಪಂದ. ಸಹಪೈಲಟ್ ಸೇರುವ ದಿನವೇ, ಇಷ್ಟು ವರ್ಷ ಇಲ್ಲಿ, ಅದರಲ್ಲಿ ಇಷ್ಟು ಕಾಲ ಕ್ಯಾಪ್ಟನ್ ಆಗಿ, ತರುವಾಯ ದೊಡ್ಡ ಸಂಸ್ಥೆಯಲ್ಲಿ ನಿಶ್ಚಿತ ಸ್ಥಾನ ಎಂದು ಬರೆದುಕೊಡಲಿ. ಆತನನ್ನು ಪಡೆಯುವ ದೊಡ್ಡ ಸಂಸ್ಥೆ ತರಬೇತಿಯ ವೆಚ್ಚದ ಪಾಲನ್ನು ಸಣ್ಣ ಸಂಸ್ಥೆಗೆ ತೆರಲಿ. ಸಣ್ಣ ಸಂಸ್ಥೆ ನಡುವೆ ನಿಂತುಹೋದರೆ ಆತನ ಸರದಿ ದೊಡ್ಡ ಸಂಸ್ಥೆಯ ಪಟ್ಟಿಯಲ್ಲಿ ಜೀವಂತವಾಗಿರಲಿ. ಇಷ್ಟಾದರೆ ನೋಟಿಸಿನ ವರ್ಷವನ್ನು ಯಾರೂ ಹಿಡಿದು ಜಗ್ಗಬೇಕಾಗಿಲ್ಲ.

ಉಳಿಯಬಯಸುವವರು

ಈ ಚರ್ಚೆಗಳಲ್ಲಿ ಮೇಲೆ ಹೋಗುವುದೆಂದರೆ ದೊಡ್ಡ ವಿಮಾನಕ್ಕೆ ಹೋಗುವುದೆಂದೇ ಎಲ್ಲರೂ ಹಿಡಿದುಬಿಡುತ್ತಾರೆ. ನಾನು ಅದನ್ನು ಒಪ್ಪಲಾರೆ. ಬೆಳಗ್ಗೆ ಹೊರಟು ಬಹುಪಾಲು ಸಂಜೆಗಳಲ್ಲಿ ಮನೆಯ ಊಟಕ್ಕೆ ಮರಳುವ, ರಾತ್ರಿಹಗಲು ತಿರುವುಮುರುವಾಗದ, ಕೈಯಿಂದ ವಿಮಾನ ನಡೆಸುವ ಸುಖವನ್ನು ಪ್ರತಿದಿನ ನಾಲ್ಕಾರು ಸಲ ಕೊಡುವ ಈ ಹಾರಾಟವನ್ನೇ ಬಯಸುವ ಕ್ಯಾಪ್ಟನ್‌ಗಳುಂಟು. ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ದೂರ ಹೋಗಲಾರದವರೂ, ಸಣ್ಣ ಮಕ್ಕಳುಳ್ಳ ತಾಯಂದಿರೂ ಅವರಲ್ಲಿ ಸೇರಿದ್ದಾರೆ.

ಅಂಥವರಿಗೆ ಸಣ್ಣ ಸಂಸ್ಥೆಯಲ್ಲಿ ಬೇರೆ ಬಗೆಯ ಏಣಿಯಿದೆ, ಅದು ಕಿರಿದೂ ಅಲ್ಲ. ಲೈನ್ ಟ್ರೇನಿಂಗ್ ಕ್ಯಾಪ್ಟನ್, ಟೈಪ್ ರೇಟಿಂಗ್ ಕಲಿಸುವ ಇನ್‌ಸ್ಟ್ರಕ್ಟರ್, ಡಿಜಿಸಿಎ ಪರವಾಗಿ ಪರೀಕ್ಷೆ ನಡೆಸುವ ಎಕ್ಸಾಮಿನರ್, ಸುರಕ್ಷತೆಯ ಮುಖ್ಯಸ್ಥ, ಚೀಫ್ ಪೈಲಟ್, ಆಪರೇಷನ್ಸ್ ನಿರ್ದೇಶಕ ಎಂಬ ಹುದ್ದೆಗಳು, ಸಾವಿರಾರು ಪೈಲಟ್‌ಗಳಿರುವ ಸಂಸ್ಥೆಯಲ್ಲಿ ನಡುವಯಸ್ಸು ಕಳೆದ ಮೇಲೆ ಬರುವಂಥವು, ನೂರರ ಆಸುಪಾಸಿನ ಪೈಲಟ್‌ಗಳಿರುವಲ್ಲಿ ಮೂವತ್ತೈದರೊಳಗೆ ಬರಬಲ್ಲವು. ಹೊಸಬರು ನಿರಂತರವಾಗಿ ಬರುತ್ತಿರುವ ಜಾಗದಲ್ಲಿ ಒಳ್ಳೆಯ ಗುರುವಿಗಿಂತ ಅಮೂಲ್ಯವಾದ ಆಸ್ತಿ ಬೇರೆಯಿಲ್ಲ. ಹುಬ್ಬಳ್ಳಿಯ ಅಡ್ಡಗಾಳಿಯನ್ನೂ ಮಂಗಳೂರಿನ ಟೇಬಲ್ ಟಾಪ್ ರನ್‌ವೇಯನ್ನೂ ಹತ್ತು ಮಳೆಗಾಲ ಕಂಡವನು ಅಲ್ಲಿಯೇ ಉಳಿಯುವಂತೆ ಸಂಬಳವನ್ನೂ ಬೇಸನ್ನೂ ಸಂಸ್ಥೆ ಏರ್ಪಡಿಸಿದರೆ, ಅದು ಪ್ರಯಾಣಿಕರ ಪ್ರಾಣಕ್ಕೆ ಕೊಟ್ಟ ರಕ್ಷೆ.

ಹಣ ಎಲ್ಲಿಂದ ಬರಬೇಕೆಂದು ಕೇಳುವವರಿಗೆ ಉತ್ತರ ಉಡಾನ್ ಯೋಜನೆಯೊಳಗೇ ಇದೆ. ಪ್ರಮುಖ ಮಾರ್ಗಗಳಲ್ಲಿ ಹಾರುವ ದೊಡ್ಡ ವಿಮಾನಗಳ ಪ್ರತಿ ಹಾರಾಟದ ಮೇಲೆ ಶುಲ್ಕ ಎತ್ತಿ, ಆ ನಿಧಿಯಿಂದ ಸಣ್ಣ ಮಾರ್ಗಗಳ ಕೊರೆ ತುಂಬುವ ನೀತಿ ಈಗಾಗಲೇ ಜಾರಿಯಲ್ಲಿದೆ. ದೊಡ್ಡವರು ಸಣ್ಣವರಿಗೆ ಋಣಿಗಳೆಂಬ ತತ್ತ್ವವನ್ನು ಸರ್ಕಾರ ಆಸನಗಳ ವಿಷಯದಲ್ಲಿ ಒಪ್ಪಿಕೊಂಡಿದೆ, ಪೈಲಟ್‌ಗಳ ವಿಷಯದಲ್ಲಿ ಇನ್ನೂ ಒಪ್ಪಿಕೊಂಡಿಲ್ಲ. 2025ರ ಬಜೆಟ್ಟು 120 ಹೊಸ ಊರುಗಳನ್ನು ಸೇರಿಸಿ, ಹತ್ತು ವರ್ಷಗಳಲ್ಲಿ ನಾಲ್ಕು ಕೋಟಿ ಪ್ರಯಾಣಿಕರನ್ನು ಮುಟ್ಟುವ ಪರಿಷ್ಕೃತ ಉಡಾನನ್ನು ಘೋಷಿಸಿದೆ. ಅದರ ಕರಾರುಗಳಲ್ಲಿ ರನ್‌ವೇಯ ಉದ್ದ, ಆಸನಗಳ ಸಂಖ್ಯೆ, ಟಿಕೆಟ್ಟಿನ ದರಗಳ ಜೊತೆಯಲ್ಲಿ, ಆ ಮಾರ್ಗವನ್ನು ಹಾರಿಸುವ ಸಹಪೈಲಟ್‌ನ ತರಬೇತಿಗೆ ಒಂದು ಪಾಲನ್ನೂ, ಮಾರ್ಗ ನಿಂತರೆ ಆತನ ಸರದಿ ಎಲ್ಲಿ ಮುಂದುವರಿಯುವುದೆಂಬುದಕ್ಕೆ ಒಂದು ಸಾಲನ್ನೂ ಸೇರಿಸುವ ಕೆಲಸವನ್ನು, ಹೊಸ ಮಾರ್ಗಗಳ ಮುಂದಿನ ಹರಾಜಿಗೆ ಮೊದಲೇ ನಾಗರಿಕ ವಿಮಾನಯಾನ ಸಚಿವಾಲಯ ಮಾಡಬೇಕು.